ನರ್ಸಮ್ಮನ ಬಿಸಿಲು ಪಾಠ

ನಮ್ಮ ಶಾಲೆಯ ನರ್ಸಮ್ಮನಿಗೆ ಮಕ್ಕಳು ಇಟ್ಟಿರುವ ಹೆಸರು 'ಇದ್ದಿಲು'. ಹುಟ್ಟಿದಾಗ ಅವರಜ್ಜಿ ಕರೆದದ್ದೂ ಹಾಗೆಯೇ ಅಂತೆ. ಪ್ರತಿ ಬೇಸಿಗೆ ಈಜು ಶುರುವಾಗುವ ಮುಂಚೆ ಅವರು ಹತ್ತನೇ ತರಗತಿಗೆ ಚರ್ಮದ ಕ್ಯಾನ್ಸರಿನ ಪಾಠ ಮಾಡುತ್ತಾರೆ: ನಡುಮಧ್ಯಾಹ್ನ ಕೊಳಕ್ಕೆ ಇಳಿಯಬೇಡಿ, ಕ್ರೀಮ್ ಹಚ್ಚಿ, ಮಚ್ಚೆಯ ಆಕಾರ ಬದಲಾದರೆ ತೋರಿಸಿ. ಕೋಣನ ಮುಂದೆ ಕಿನ್ನರಿ! ಹಿಂದಿನ ಬೆಂಚು ಆಕಳಿಸುತ್ತದೆ.

ಈ ಸಲ ರೋಸಿಹೋಗಿ, ಜನ್ಮವಿಡೀ ತಮ್ಮನ್ನು ಚುಚ್ಚಿದ ಮಾತನ್ನೇ ಎತ್ತಿ ಬಿಸಾಡಿದರು: "ಕ್ಯಾನ್ಸರ್ ಹಾಳಾಗಿ ಹೋಗ್ಲಿ, ಬಿಸಿಲಿಗೆ ಹೋದ್ರೆ ಕಪ್ಪಾಗ್ತೀರಿ ಕಣ್ರೋ!"

ಮಕ್ಕಳೆಲ್ಲ ನಾ ಮುಂದು ತಾ ಮುಂದು ಎಂದು ಕ್ರೀಮಿಗೆ ಮುಗಿಬಿದ್ದರು. "ಇಷ್ಟು ವರ್ಷ ಇದನ್ನ ಯಾಕಮ್ಮ ಹೇಳ್ಲಿಲ್ಲ?" ಎಂದು ಹೆಡ್‌ಮಾಸ್ಟರು ಮೆಚ್ಚಿಕೊಂಡರು.

ಕೊಳದ ಬಳಿ ಕಾವಲಿಗೆ ಹೊರಟ ನರ್ಸಮ್ಮ ಉಳಿದ ಕ್ರೀಮಿಗೆ ಕೈ ಚಾಚಿದಾಗ, ಮುಖಕ್ಕೆಲ್ಲ ಬಳಿದುಕೊಂಡಿದ್ದ ಹುಡುಗಿಯೊಬ್ಬಳು ಅಕ್ಕರೆಯಿಂದಲೇ ಹೇಳಿದಳು: "ನಿಮಗ್ಯಾಕೆ ಬಿಡಿ ಸಿಸ್ಟರ್, ನೀವಿನ್ನೆಲ್ಲಿ ಕಪ್ಪಾಗ್ತೀರಿ?"