ಖಾದರ್ ಸಾಬರು ಲಭ್ಯವಿದ್ದಾರೆ

ಇವತ್ತು ಬೆಳಿಗ್ಗೆ ಪಡಸಾಲೆಯ ಫ್ಯಾನು ಎರಡು ಸಲ ಗೊರಕೆ ಹೊಡೆದು ನಿಂತಿತು. ಹಿಂದೆಯೇ ಕಾಯಿಲ್ ಸುಟ್ಟ ವಾಸನೆ. ನೀವಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ನನಗೆ ಮಾತ್ರ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿ, ಅಲ್ಲಿ ಕೂತು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ ಖಾದರ್ ಸಾಬರು ಕಣ್ಣಮುಂದೆ ಬಂದರು.

ಮೇಷ್ಟರ ಕೆಲಸದಿಂದ ರಿಟೈರ್ ಆದ ಮೇಲೆ ಆ ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುವುದೇ ನನ್ನ ಉದ್ಯೋಗವಾಗಿತ್ತು. ಅಂಗಡಿಗೆ ಬೋರ್ಡಿರಲಿಲ್ಲ. ಶಟರಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಫೋನ್ ನಂಬರು, ಅಷ್ಟೇ. ಹಂಪಸಾಗರದಿಂದ ಹೊಸಹಳ್ಳಿಯವರೆಗೆ ಯಾರ ಬೋರಿನ ಮೋಟಾರು ಕೈಕೊಟ್ಟರೂ ಆ ಕಡೆಯಿಂದ ಒಂದೇ ಮಾತು: "ಸಾಬ್ರ, ಸುಟ್ಟೈತಿ." ಈ ಕಡೆಯಿಂದಲೂ ಒಂದೇ: "ತಗಂಬರ್ರಿ, ನೋಡಾಣ."

ಈ ಸುಖಕ್ಕೆ ಕಲ್ಲು ಬಿದ್ದದ್ದು ಸಾಬರ ಅಳಿಯನಿಂದ. ಮಗಳ ಗಂಡ ಸಲೀಮ ದಾವಣಗೆರೆಯಲ್ಲಿ ಏನೋ ಡಿಜಿಟಲ್ ಕೋರ್ಸು ಮುಗಿಸಿ ಬಂದಿದ್ದ. ಮೊದಲು ವೆಬ್‌ಸೈಟ್ ಮಾಡಿದ. ಅದರಲ್ಲಿ ಹಳದಿ ಹೆಲ್ಮೆಟ್ ಹಾಕಿದ ಬಿಳಿಯರು ನಗುತ್ತಿದ್ದರು. ಸಾಬರು ಎಲ್ಲೂ ಇರಲಿಲ್ಲ. ಅದು ಹಳತಾಯಿತೆಂದು ಆ್ಯಪ್ ಮಾಡಿದ. ನನ್ನ ಫೋನಿಗೂ ಹಾಕಿಕೊಟ್ಟ, ಅದು ಒಂದು ದಿನವೂ ತೆರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಎಐ ಗಾಳಿ ಬೀಸಿತು.

"ಮಾವಾ, ಶಟರ್ ಮ್ಯಾಲೆ ನಂಬರ್ ಬರಿಯೋ ಕಾಲ ಹೋತು. ಇನ್ನ ಗಿರಾಕಿ ಜತಿಗೆ ಆ್ಯಪಿನ್ಯಾಗಿನ ಚಾಟ್‌ಬಾಟೇ ಮಾತಾಡ್ತೈತಿ. ಎಲ್ಲಾ ಕ್ಲೌಡ್‌ನ್ಯಾಗ ಇರ್ತೈತಿ."

ನಾನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದೆ. ಅವನು ಅತ್ತ ಹೋದ ಮೇಲೆ ಸಾಬರು ಮೆಲ್ಲಗೆ ಹೇಳಿದರು: "ಮೋಡದಾಗ ಇಡ್ತಾನಂತ್ರಿ ಮೇಷ್ಟ್ರೆ. ನಮ್ಮ ಕಡಿ ಮೋಡ ನಂಬಿ ಯಾರು ಉದ್ಧಾರ ಆಗ್ಯಾರ? ಆದ್ರ ಏನ್ ಮಾಡದು, ಅಳಿಯ ಅದಾನ. ಬ್ಯಾಡ ಅಂದ್ರ ಮಗಳ ಮುಖ ಸಣ್ಣದಾಕ್ಕತಿ."

ಸಲೀಮ ನಂಬರು ಅಳಿಸಿ, ಇರುವೆ ಮುತ್ತಿದಂಥ ಕಪ್ಪು ಚೌಕವೊಂದನ್ನು, ಕ್ಯೂಆರ್ ಕೋಡ್ ಅಂತೆ, ಅಂಟಿಸಿದ. ಹಳೆಯ ನಂಬರಿಗೆ ಫೋನು ಮಾಡಿದವರಿಗೂ ಬಾಟಿನ ಮೆಸೇಜೇ ಹೋಗತೊಡಗಿತು.

ಬೇಸಿಗೆ ಬಂತು. ಮೋಟಾರುಗಳು ಸಾಲುಗಟ್ಟಿ ಸುಡುವ ಸೀಸನ್ನು. ಅಂಗಡಿಗೆ ಮಾತ್ರ ಒಬ್ಬರೂ ಬರಲಿಲ್ಲ.

"ಈ ವರ್ಷ ಮೋಟ್ರು ಯಾಕ ಸುಡವಲ್ವು ಮೇಷ್ಟ್ರೆ? ಸೀಸನ್ ಹೋದ್ರ ವರ್ಷಾನ ಹೋದಂಗ. ಅಂಗಡಿ ಮುಚ್ಚಬೇಕಾಕ್ಕತಿ."

ಕರೆಂಟು ಸುಧಾರಿಸಿರಬೇಕು ಎಂದು ನಾನು ಇಲಾಖೆಯನ್ನು ಹೊಗಳಿದೆ. ಬುದ್ಧಿ ನೋಡಿ ನನ್ನದು.

ಒಂದು ಮಧ್ಯಾಹ್ನ ಹಳೆಯ ಗಿರಾಕಿ, ಹಂಪಸಾಗರದ ಕೊಟ್ರಪ್ಪ, ಒಗೆದ ಬಿಳಿ ಧೋತ್ರ ಉಟ್ಟು ಬಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟ. ಒಳಗೆ ಸಾಬರು ಸಾಸರಿನಲ್ಲಿ ಚಹಾ ಆರಿಸುತ್ತಿದ್ದರು. ಅವನು ಬಾಗಿಲು ಹಿಡಿದುಕೊಂಡು ನಿಂತ.

"ಲೇ ಖಾದ್ರಾ, ಬದುಕೀ ಏನಲೇ?"

"ಬದುಕೀನಿ. ಮೋಟ್ರು ಎಲ್ಲಿ?"

"ಬ್ಯಾರೆ ಕಡಿ ಕೊಟ್ನೆಪಾ. ಸೂತಕದ ಮನಿಗೆ ಮೋಟ್ರು ಹೊತ್ಕಂಡು ಹೆಂಗ ಬರ್ಲಿ?" ಎಂದು ಫೋನು ಚಾಚಿದ.

ಸಾಬರು ಇನ್ನು ಮುಂದೆ ಈ ನಂಬರಿನಲ್ಲಿ ಸಿಗುವುದಿಲ್ಲ ಎಂದು ಸಲೀಮ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಬಾಟು ಕನ್ನಡ ಮಾಡಿತ್ತು: "ಖಾದರ್ ಸಾಬ್ ಇನ್ನಿಲ್ಲ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಬರ ನಗು ಮೊದಲು ನಿಂತಿತು. ತಮ್ಮ ಸಾವಿಗೆ ಮರ್ಯಾದೆ ಕೊಟ್ಟು ಗಿರಾಕಿಗಳು ಬೇಸಿಗೆಯಿಡೀ ಬೇರೆ ಅಂಗಡಿಗೆ ಹೋಗಿದ್ದಾರೆಂದು ಅವರಿಗೆ ಆಗ ಹೊಳೆದಿತ್ತು. ಅಳಿಯನಿಗೆ ಫೋನು ಮಾಡಿದರು. ಬೈಯಲಿಲ್ಲ. "ನಾ ಇನ್ನ ಬದುಕೀನಿ ಅಂತ ಬರಿಯಪ್ಪಾ" ಎಂದರು. ಸಂಜೆ ತಾವೇ ಬ್ರಷ್ ಹಿಡಿದು ಶಟರಿನ ಮೇಲೆ ನಂಬರು ಬರೆದರು, ಮೊದಲಿಗಿಂತ ದಪ್ಪಗೆ. ಮುಂದಿನ ಬೇಸಿಗೆಗೆ ಮೋಟಾರುಗಳು ವಾಪಸು ಬಂದವು.

ಈಗ ಅಂಗಡಿ ಮುಚ್ಚಿದೆ. ಹೋದ ಮಳೆಗಾಲದಲ್ಲಿ ಸಾಬರು ನಿಜವಾಗಿಯೂ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದವನು ನಾನು. ಆದರೂ ಇವತ್ತು ಸುಟ್ಟ ವಾಸನೆಗೆ ಕೈ ತಾನಾಗಿ ಫೋನಿಗೆ ಹೋಯಿತು. ಎಂದೂ ತೆರೆಯದ ಸಲೀಮನ ಆ್ಯಪ್ ಇವತ್ತು ತೆರೆಯಿತು, ಒಳಗೆ ಅದೇ ಬಾಟು.

"ಖಾದರ್ ಸಾಬ್ ಸದಾ ಲಭ್ಯವಿದ್ದಾರೆ. ನಿಮ್ಮ ಮೋಟಾರಿಗೆ ಏನಾಗಿದೆ?"

ಸಲೀಮನಿಗೆ ಫೋನು ಮಾಡಿ ರೇಗಿದೆ. "ತೆಗಿಯಾಕ ಮಾವನ ನಂಬರಿಗೆ ಬರೋ ಒಟಿಪಿ ಬೇಕಂತ್ರಿ ಸರ. ಆ ಸಿಮ್ಮೇ ಬಂದ್ ಆಗೈತಿ" ಎಂದ. ಅವನ ದನಿಯೂ ಒಡೆದಿತ್ತು. ಪಾಪ ಅನ್ನಿಸಿ ಫೋನಿಟ್ಟೆ.

ನಿಂತ ಫ್ಯಾನಿನ ಕೆಳಗೆ ಬೆವರುತ್ತ ಕೂತು ಬರೆದೆ: "ಸುಟ್ಟೈತಿ ಸಾಬ್ರ."

"ದಯವಿಟ್ಟು ಕಾಯಿರಿ. ಖಾದರ್ ಸಾಬ್ ಬರುತ್ತಿದ್ದಾರೆ."

ಸುಳ್ಳೆಂದು ಗೊತ್ತು. ಆದರೂ ಸ್ವಲ್ಪ ಹೊತ್ತು ಫೋನು ಕೆಳಗಿಡಲಿಲ್ಲ.