ಅವ್ವನ ಕಾಮಾಲೆ

ನಮ್ಮ ಅವ್ವ ಸತ್ತದ್ದು ಅಂಡಾಶಯದ ಕ್ಯಾನ್ಸರ್‌ನಿಂದ. ಊರಿಗೆಲ್ಲ ಹೇಳಿದ್ದು ಕಾಮಾಲೆ ಅಂತ. ಕೋಡಿಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ, ತಿಥಿಯ ಹಿಂದಿನ ದಿನ, ಅಪ್ಪ ನನ್ನನ್ನೂ ಅಕ್ಕನನ್ನೂ ಕೂರಿಸಿಕೊಂಡು ಹೇಳಿದ: "ಯಾರ್ ಕೇಳುದ್ರೂ ಕಾಮಾಲೆ ಅನ್ನಿ. ಈ ಕಾಯ್ಲೆ ಹೆಸ್ರು ಆಚೆ ಬಿದ್ರೆ ನಿಮ್ಮನ್ನ ಯಾವನೂ ಒಪ್ಪಾಕಿಲ್ಲ."

ಅಪ್ಪ ಕೆಟ್ಟವನಲ್ಲ. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳ ತಂದೆ, ಅಷ್ಟೆ. ನಾವೂ ಎಷ್ಟು ಚೆನ್ನಾಗಿ ಕಲಿತೆವೆಂದರೆ, ಕಣ್ಣು ಹಳದಿಯಾಗಿದ್ದು, ನಾಟಿ ಔಷಧಿ ಕುಡಿಸಿದ್ದು ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದೆವು. ನಿಜಕ್ಕೂ ಅವ್ವನಿಗೆ ಊದಿದ್ದು ಹೊಟ್ಟೆ. ಲಂಗದ ಲಾಡಿ ಸಾಲದೆ ಹೋದಾಗ ಇನ್ನೊಂದು ತುಂಡು ಗಂಟು ಹಾಕಿ ಕೊಟ್ಟವಳು ನಾನೇ.

ಅಕ್ಕನನ್ನು ಮಾಗಡಿ ಕಡೆ, ಸಾವನದುರ್ಗ ಕಾಣುವ ಊರಿಗೆ ಕೊಟ್ಟರು. ನನ್ನನ್ನು ಚನ್ನಪಟ್ಟಣದ ವಿರೂಪಾಕ್ಷಿಪುರದ ಕಡೆಗೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಹೆದ್ದಾರಿಯುದ್ದಕ್ಕೂ ಫ್ಯಾಕ್ಟರಿಗಳು ಎದ್ದವು. ನಾನೂ ಗಾರ್ಮೆಂಟ್ಸ್‌ಗೆ ಸೇರಿ ಕಾಲರ್ ಹೊಲಿಯತೊಡಗಿದೆ. ಒಂದು ದಿನ ಮೆಷಿನ್ ಮುಂದೆಯೇ ಕಿಬ್ಬೊಟ್ಟೆ ಹಿಂಡಿದಂತಾಗಿ ಕುಸಿದು ಕೂತೆ. ಅತ್ತೆ ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು ತಡೆದುಕೊಂಡಿರಬೇಕು ಅಂದರು. ಟಾಯ್ಲೆಟ್ಟಿಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುವ ಕಡೆ ದುಡಿಯುವವಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಎಡ ಅಂಡಾಶಯದಲ್ಲಿ ನೀರುಗುಳ್ಳೆ ಇದೆ ಅಂದರು ಡಾಕ್ಟರಮ್ಮ. "ಹೆದರಬೇಡಿ, ಎಷ್ಟೋ ಜನಕ್ಕೆ ಬರುತ್ತೆ, ತಾನೇ ಹೋಗುತ್ತೆ. ತಾಯಿ ಕಡೆ ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಆಗಿತ್ತಾ?"

ಪಕ್ಕದಲ್ಲಿ ಅತ್ತೆ ಕೂತಿದ್ದರು. "ಇಲ್ಲ ಮೇಡಂ. ನಮ್ಮವ್ವ ಕಾಮಾಲೇಲಿ ಹೋದ್ರು," ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಹಾಗಾದರೆ ಆರು ತಿಂಗಳು ಬಿಟ್ಟು ಬನ್ನಿ ಅಂದರು.

ಮಾರನೆಯ ದಿನ ಫ್ಯಾಕ್ಟರಿ ಮುಂದಿನ ಅಂಗಡಿಯ ಕಾಯಿನ್ ಫೋನಿನಿಂದ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ನಕ್ಕಳು.

"ನಂಗೂ ಹೋದ್ ವರ್ಸ ಅಂಗೇ ಅಂದಿದ್ರು ಕಣೆ. ನಾನೂ ಕಾಮಾಲೆ ಅಂದೆ. ಪಕ್ಕದಾಗೆ ನಮ್ಮತ್ತೆ ಇದ್ರಲ್ಲ."

"ಆಮೇಕೆ ತೋರ್ಸುದ್ಯಾ?"

"ನೀರ್ಗುಳ್ಳೆ ತಾನೆ? ಈಗ ಒಸಿ ಹೊಟ್ಟೆ ಉಬ್ರ ಐತೆ. ಗ್ಯಾಸು."

ಅವ್ವನ ಲಾಡಿ ನೆನಪಾಯಿತು. ನೆನಪಾದರೂ, "ಇನ್ನೊಂದ್ಸಲ ತೋರ್ಸಕ್ಕ," ಅಂತಷ್ಟೇ ಹೇಳಿ ಫೋನಿಟ್ಟೆ. ಊಟದ ಬಿಡುವು ಮುಗಿಯುತ್ತಿತ್ತು. ಹಾಗೆ ಫೋನಿಟ್ಟದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅಕ್ಕನನ್ನು ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿತ್ತು. ನಾನು ಫೋನು ಮಾಡಿದ ಐದೇ ತಿಂಗಳಲ್ಲಿ ಹೋದಳು. ಅಷ್ಟು ಮಾತಿನವಳು ಕೊನೆಗೆ ಕಣ್ಣಲ್ಲಿ ಮಾತ್ರ ಮಾತಾಡುತ್ತಿದ್ದಳು. ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದಳು, ತನ್ನ ಮಗಳ ಕಡೆ ನೋಡುತ್ತಿದ್ದಳು.

ಹನ್ನೊಂದನೆಯ ದಿನದ ತಿಥಿಗೆ ಬಂದವರೆಲ್ಲ ಏನಾಗಿತ್ತು ಅಂತ ಕೇಳುವವರೇ. ಭಾವ ಎಲ್ಲರಿಗೂ ಒಂದೇ ಮಾತು ಹೇಳಿದರು: ಕಾಮಾಲೆ. ಅವರಿಗೂ ಹದಿಮೂರು ವರ್ಷದ ಮಗಳಿದ್ದಳು. ಆ ಹುಡುಗಿ ಊಟಕ್ಕೆ ಎಲೆ ಹಾಕುತ್ತಾ ಒಬ್ಬ ಅಜ್ಜಿಗೆ, "ಅಮ್ಮಂಗೆ ಕಾಮಾಲೆ ಬಂದಿತ್ತು, ಕಣ್ಣೆಲ್ಲ ಅರಿಸ್ನ ಆಗೋಗಿತ್ತು," ಅಂದದ್ದನ್ನು ಕೇಳಿದೆ. ನಮಗಿಂತ ಚೆನ್ನಾಗಿ ಹೇಳಿದಳು. ನಾನು ಬಾಯಿ ಬಿಡಲಿಲ್ಲ. ಸಾವಿನ ಮನೆಯಲ್ಲಿ ರಂಪ ಯಾಕೆ ಅಂತ ನನಗೆ ನಾನೇ ನೆಪ ಹೇಳಿಕೊಂಡು ಪಂಕ್ತಿಗೆ ವಡೆ ಬಡಿಸಿದೆ.

ಅದಾದ ವಾರಕ್ಕೆ ನನ್ನ ಸ್ಕ್ಯಾನಿಂಗು. ಜೊತೆಗೆ ಅತ್ತೆಯೇ. ಗುಳ್ಳೆ ಹೋಗಿರಲಿಲ್ಲ, ಒಂದಿಷ್ಟು ಬೆಳೆದಿತ್ತು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಹೇಳಿದೆ: "ಹೋದ್ಸಲ ಸುಳ್ಳು ಹೇಳ್ದೆ ಮೇಡಂ. ನಮ್ಮವ್ವ ಕ್ಯಾನ್ಸರ್‌ನಲ್ಲೇ ಹೋಗಿದ್ದು. ಈಗ ನಮ್ಮಕ್ಕನೂ." ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ರಕ್ತಪರೀಕ್ಷೆಗೆ ಬರೆದರು. ಇನ್ನು ಮೂರು ತಿಂಗಳಿಗೊಮ್ಮೆ ಬರಬೇಕು, ಬೇಕಾದರೆ ಆಪರೇಷನ್ನಿನ ಮಾತು ಬೆಂಗಳೂರಿನಲ್ಲಿ ಅಂದರು. ಆಮೇಲೆ ಕೇಳಿದರು, "ಅಕ್ಕನಿಗೆ ಹೆಣ್ಣುಮಕ್ಕಳಿದ್ದಾರಾ?"

"ಒಬ್ಬಳು."

"ದೊಡ್ಡವಳಾದ ಮೇಲೆ ಅವಳೂ ತೋರಿಸಿಕೊಳ್ತಾ ಇರಬೇಕು. ಅವಳಿಗೆ ವಿಷಯ ಗೊತ್ತಾ?"

"ಇಲ್ಲ ಮೇಡಂ. ಅವ್ಳಿಗೂ ಕಾಮಾಲೆ ಅಂತ್ಲೇ ಹೇಳಿದ್ದಾರೆ."

ಬಸ್‌ಸ್ಟ್ಯಾಂಡಿನವರೆಗೂ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಅಲ್ಲಿ ಬೆಂಚಿನ ಮೇಲೆ ಕೂತ ಮೇಲೆ, "ಮೊದ್ಲೇ ಗೊತ್ತಿದ್ರೆ ನಿನ್ನ ತರ್ತಿರ್ನಿಲ್ಲ ಕಣಮ್ಮಿ," ಅಂದರು. ಬೈಗುಳದ ದನಿಯಲ್ಲಲ್ಲ, ಇದ್ದದ್ದನ್ನು ಹೇಳುವ ಹಾಗೆ. ಅಪ್ಪನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ನಾನು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದೆ. ಅತ್ತೆ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಚನ್ನಪಟ್ಟಣದ ಬಸ್ಸು ಬಂದಾಗ ಅತ್ತೆ ಹತ್ತಿ, ಪಕ್ಕದ ಸೀಟಿಗೆ ಚೀಲ ಇಟ್ಟು, ಕಿಟಕಿಯಿಂದ ನನ್ನನ್ನು ಕರೆದರು.

"ನೀವ್ ಹೋಗಿ ಅತ್ತೆ. ನಾನು ಮಾಗಡಿಗೋಗಿ ನಾಳೆ ಬತ್ತೀನಿ."

ಅವರಿಗೆ ತಕ್ಷಣ ಅರ್ಥವಾಯಿತು. "ಆ ಮಗೀಗೆ ಯೋಳಾಕಾ? ಯೋಳ್ಬುಟ್ರೆ ನಾಳೀಕೆ ಅವ್ಳ್‌ನ ಯಾರು ಮದ್ವೆ ಆಯ್ತಾರೆ?"

"ಬದ್ಕಿದ್ರೆ ತಾನೆ ಮದ್ವೆ, ಅತ್ತೆ?"

ಅತ್ತೆ ಪಕ್ಕದ ಸೀಟಿನಿಂದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಮಾಗಡಿ ಬಸ್ಸು ನಿಲ್ಲುವ ಕಡೆ ನಡೆದೆ.