ಸೆಲ್ವಿಯಕ್ಕನ ಎರಡನೇ ನಂಬರ್

ಬಿಪಿ ಇರುವವರಿಗೆ ದಿನಾ ಬೆಳಿಗ್ಗೆ ಮಾತ್ರೆಯ ನೆನಪು ಮಾಡುವ ಆ್ಯಪ್ ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದ ಹೊಸತು. ನಾನು ಅಲ್ಲಿ ನರ್ಸ್. ಒಂದು ದಿನ ಗೋಣಿಕೊಪ್ಪಲಿನ ಜೀಪ್ ಡ್ರೈವರ್ ಒಬ್ಬರು ಬಂದು ನನ್ನ ಮುಂದೆ ಮೊಬೈಲ್ ಹಿಡಿದರು.

"ಸಿಸ್ಟರ್, ಈ ಸೆಲ್ವಿ ಯಾರು? ನಿಮ್ಮ ಕೇಂದ್ರದ ಹೆಸರಲ್ಲಿ ಇವರ ಮಾತ್ರೆ ಮೆಸೇಜ್ ಹದಿನೈದು ದಿನದಿಂದ ನನಗೆ ಬರ್ತಿದೆ."

ಸೆಲ್ವಿಯಕ್ಕ ಹುದಿಕೇರಿ ಹತ್ತಿರ ಕಾಫಿ ಎಸ್ಟೇಟಿನ ಕೆಲಸಗಾರರ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿರುವವರು. ಅವರ ನಂಬರ್ ತುಂಬುವಾಗ ನಾನೇ ಒಂದು ಅಂಕಿ ತಪ್ಪು ಹಾಕಿದ್ದೆ. ಬೈಸಿಕೊಳ್ಳಲು ತಯಾರಾಗಿ, "ತಪ್ಪಾಯ್ತಣ್ಣ, ಈಗಲೇ ತೆಗೀತೀನಿ" ಅಂದೆ.

"ನನ್ನದು ಬಿಡಿ. ಅವರಿಗೆ ಯಾರು ನೆನಪು ಮಾಡ್ತಿದ್ದಾರೆ?"

ಬಿಪಿ ಮಿಷನ್ ಎತ್ತಿಕೊಂಡೆ. ಅವರ ಜೀಪಿನಲ್ಲೇ ಲೈನಿಗೆ ಹೋದೆವು.

"ಮೆಸೇಜ್ ಬರುತ್ತೆ ಅಂದಿದ್ರಿ, ಬರ್ಲೇ ಇಲ್ಲ. ಇನ್ನು ಮಾತ್ರೆ ಬೇಡವೇನೋ ಅಂತ ನಿಲ್ಲಿಸ್ಬಿಟ್ಟೆ" ಅಂದರು ಸೆಲ್ವಿಯಕ್ಕ.

ಬಿಪಿ ನೋಡಿದರೆ ತುಂಬಾ ಏರಿತ್ತು. ಅದೇ ಜೀಪಿನಲ್ಲಿ ಡಾಕ್ಟರ ಹತ್ತಿರ ಕರೆತಂದೆವು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರ್. ಮಾತ್ರೆ ಮತ್ತೆ ಶುರುವಾಯಿತು, ಈಗ ಬಿಪಿ ಹತೋಟಿಯಲ್ಲಿದೆ. ಮೆಸೇಜ್ ಅಳಿಸಿ ಆ ಡ್ರೈವರ್ ಸುಮ್ಮನಿದ್ದಿದ್ದರೆ ಸೆಲ್ವಿಯಕ್ಕನನ್ನು ಯಾರೂ ಕೇಳುತ್ತಿರಲಿಲ್ಲ. ನೆನೆದಾಗಲೆಲ್ಲ ಆ ಡ್ರೈವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅವತ್ತೇ ನಂಬರ್ ಸರಿಪಡಿಸುವಾಗ ಸೆಲ್ವಿಯಕ್ಕ, "ಇವರ ನಂಬರೂ ಇರ್ಲಿ ಸಿಸ್ಟರ್, ನಾನು ಮರೆತ್ರೆ ಫೋನ್ ಮಾಡ್ತಾರೆ" ಅಂದರು. ಡ್ರೈವರ್ ಖುಷಿಯಿಂದಲೇ ಒಪ್ಪಿದರು. ಎರಡನೇ ನಂಬರ್ ಹಾಕಿದರೆ ಇವರು ರೋಗಿಗೆ ಏನಾಗಬೇಕು ಅಂತ ಆ್ಯಪ್ ಕೇಳುತ್ತದೆ. ಗಂಡ, ಮಗ, ನೆರೆಯವರು ಎಲ್ಲ ಇತ್ತು, ರಾಂಗ್ ನಂಬರ್ ಅನ್ನುವುದು ಮಾತ್ರ ಇರಲಿಲ್ಲ. ‘ಇತರೆ’ ಒತ್ತಿದೆ.